ಟಿ.ಸಿ. ಇಲ್ಲದ ಮಗುವಿಗೆ ಶಾಲೆ

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದಿರುವ ಒಡಿಶಾದ ಕುಟುಂಬವೊಂದರಲ್ಲಿ ಎಂಟು ವರ್ಷದ ಹುಡುಗಿಯಿದ್ದಾಳೆ. ಟಿ.ಸಿ. (ವರ್ಗಾವಣೆ ಪತ್ರ) ಇಲ್ಲ, ಕನ್ನಡವೂ ಬಾರದು ಎಂದು ಹತ್ತಿರದ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಏನು ಮಾಡಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅವರು ಕೊಟ್ಟ ಎರಡು ಕಾರಣಗಳೂ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದಕ್ಕೆ ಕಳುಹಿಸುವಂತಿಲ್ಲ. ಹಿಂದೆ ಶಾಲೆಗೆ ಹೋಗಿರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಈ ಸೆಕ್ಷನ್‌ಗಳನ್ನು ನಮೂದಿಸಿ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಒಪ್ಪದಿದ್ದರೆ ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರನ್ನು ಕಾಣಿರಿ.

ಭಾಷೆಯ ಬಗ್ಗೆ ನನಗೇನೂ ಆತಂಕವಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳ ಕೆಳ ತರಗತಿಗಳ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕುಳಿತು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲೇ ಕಲಿಯುತ್ತಾರೆ. ಮರದ ಚಿತ್ರ ಕಂಡು ಒಡಿಯಾ ಮಗು ‘ಗಛ’ ಎನ್ನುತ್ತದೆ, ತೆಲುಗಿನ ಮಗು ‘ಚೆಟ್ಟು’ ಎನ್ನುತ್ತದೆ, ತಮಿಳಿನ ಮಗುವಿನ ‘ಮರಮ್’ ಎಂಬ ಮಾತಂತೂ ಕನ್ನಡದ ಹೊಸ್ತಿಲಲ್ಲೇ ನಿಂತಿರುತ್ತದೆ. ಬಿಸಿಯೂಟದ ಸಾಲಿನಲ್ಲಿ ‘ಇನ್ನೂ ಸ್ವಲ್ಪ ಸಾರು’ ಎಂದು ಕೇಳುವುದನ್ನು ಯಾರೂ ಪಾಠ ಮಾಡಿ ಕಲಿಸಬೇಕಾಗಿಲ್ಲ. (ದೊಡ್ಡವರಾದ ನಾವು ಹತ್ತು ವರ್ಷ ಪಕ್ಕದಲ್ಲಿದ್ದರೂ ಅಷ್ಟು ಒಡಿಯಾ ಕಲಿಯುವುದಿಲ್ಲ, ಆ ಮಾತು ಬೇರೆ.) ನಿಜವಾದ ತೊಡಕು ಇರುವುದು ಕಟ್ಟಡ ಮುಗಿದಾಗ: ಕುಟುಂಬ ಹೊರಡುವ ಮುನ್ನ ಟಿ.ಸಿ. ಕೇಳಿ ಪಡೆಯುವಂತೆ ಈಗಲೇ ತಾಯಿಗೆ ಹೇಳಿಡಿ.