ದೊರೆಯ ವಿರುದ್ಧ ಹುಟ್ಟಿ ದೊರೆಯನ್ನೇ ಕಾದವರು

ಪತ್ರ: “ಲಂಡನ್ನಿನ ‘ಬ್ಲೂಸ್ ಅಂಡ್ ರಾಯಲ್ಸ್’ ಕುದುರೆ ದಂಡಿಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ. ಎದೆಗವಚ, ಕೆಂಪು ತುರಾಯಿ ತೊಟ್ಟ ಬೊಂಬೆ ಸಿಪಾಯಿಗಳಿಂದ ನಮಗೇನಾಗಬೇಕು? ಹುಟ್ಟಿದಂದಿನಿಂದ ದೊರೆಯ ಬಾಗಿಲು ಕಾದವರದೂ ಒಂದು ಇತಿಹಾಸವೇ? ಎರಡನೆಯ ಕಂತನ್ನು ಕೈಬಿಡಿ.” – ಸಾಗರದ ಓದುಗರೊಬ್ಬರು

ಉತ್ತರ: ಪತ್ರಿಕೆ ತನ್ನದೆಂದುಕೊಂಡವರು ಮಾತ್ರ ಹೀಗೆ ಸಿಟ್ಟಾಗುತ್ತಾರೆ, ಅದಕ್ಕೆ ನಾನು ಋಣಿ. ಈ ದಂಡು ಸಾಮ್ರಾಜ್ಯದ ಕತ್ತಿಯಾಗಿ 1882ರಲ್ಲಿ ಈಜಿಪ್ಟಿಗೂ ಹೋಗಿತ್ತು. ಅಲ್ಲಿಯವರೆಗೆ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಹುಟ್ಟಿದಂದಿನಿಂದ ದೊರೆಯ ಬಾಗಿಲು ಕಾದವರು ಎಂದಿರಲ್ಲ, ಅದನ್ನು ಒಪ್ಪಲಾರೆ. ಈ ದಂಡು ಹುಟ್ಟಿದಾಗ ಇಂಗ್ಲೆಂಡಿನಲ್ಲಿ ದೊರೆಯೇ ಇರಲಿಲ್ಲ! 1649ರಲ್ಲಿ ಒಂದನೆಯ ಚಾರ್ಲ್ಸನ ತಲೆ ಉರುಳಿತ್ತು. ಮರುವರ್ಷ, ಸಂಸತ್ತಿನ ಪರ ದೊರೆಯೊಡನೆ ಯುದ್ಧ ಮಾಡಿದ ಸೇನಾನಿ ಕ್ರಾಮ್‌ವೆಲ್ ಹೇಳಿದನೆಂದು ಈ ಕುದುರೆ ದಂಡನ್ನು ಕಟ್ಟಿದವನು ಆರ್ಥರ್ ಹೇಸಲ್‌ರಿಗ್. ಯಾರು ಈತ? 1642ರಲ್ಲಿ ಚಾರ್ಲ್ಸ್ ದೊರೆ ಶಸ್ತ್ರಧಾರಿಗಳೊಡನೆ ಸಂಸತ್ತಿಗೆ ನುಗ್ಗಿ ಐವರು ಸದಸ್ಯರನ್ನು ಹಿಡಿಯಲು ಹೋಗಿ ಬರಿಗೈಯಲ್ಲಿ ಮರಳಿದನಲ್ಲ, ಆ ಐವರಲ್ಲಿ ಒಬ್ಬ.

ಅರಸೊತ್ತಿಗೆ ಮರಳಿದ ಮೇಲೆ, 1661ರ ಜನವರಿಯಲ್ಲಿ, ಹೇಸಲ್‌ರಿಗ್ ಲಂಡನ್ ಟವರಿನ ಸೆರೆಯಲ್ಲಿ ಸತ್ತ. ಅದೇ ವರ್ಷ ಅವನ ಹಳೆಯ ದಂಡಿನ ಜನರನ್ನೂ ಸೇರಿಸಿಕೊಂಡು ಎರಡನೆಯ ಚಾರ್ಲ್ಸನ ಹೊಸ ದಂಡು ಎದ್ದು ನಿಂತಿತು. ಮುಖ್ಯಸ್ಥ ಆಕ್ಸ್‌ಫರ್ಡಿನ ಅರ್ಲ್. ಅವನ ಮನೆತನದ ನೀಲಿ ಬಣ್ಣವೇ ದಂಡಿನ ಅಂಗಿಗೆ ಬಂತು. ಒಡೆಯ ಬದಲಾದ, ಅಂಗಿ ಬದಲಾಯಿತು. ಕುದುರೆ ಏರಿದ ಎಷ್ಟೋ ಕೈಕಾಲುಗಳು ಹಳೆಯವೇ. ಇಂಥ ಕಥೆಗೆ ನಾಲ್ಕು ಪುಟ ಸಾಲದು ಸ್ವಾಮಿ.

ಗ್ರ್ಯಾನ್‌ಬಿಯ ಪ್ರಸಂಗ ಕೇಳಿ. 1760ರಲ್ಲಿ ಜರ್ಮನಿಯಲ್ಲಿ ಫ್ರೆಂಚರೊಡನೆ ನಡೆದ ವಾರ್ಬರ್ಗ್ ಕದನದಲ್ಲಿ ಈ ದಂಡಿನ ಕರ್ನಲ್ ಮಾರ್ಕ್ವೆಸ್ ಆಫ್ ಗ್ರ್ಯಾನ್‌ಬಿ ಕುದುರೆ ಓಡಿಸುವಾಗ ಟೋಪಿಯೂ ಟೋಪನ್ನೂ ಗಾಳಿಗೆ ಹಾರಿಹೋದವು. ಬೋಳುತಲೆಯಲ್ಲೇ ಶತ್ರುವಿನ ಮೇಲೆ ನುಗ್ಗಿದ, ಬೋಳುತಲೆಯಲ್ಲೇ ತನ್ನ ಸೇನಾಪತಿಗೆ ವಂದಿಸಿದ. ಅದರ ನೆನಪಿಗೆ ಇಂದಿಗೂ ಈ ದಂಡಿನವರು ಬರಿತಲೆಯಲ್ಲಿಯೂ ಸಲ್ಯೂಟ್ ಹೊಡೆಯುತ್ತಾರೆ. ಬ್ರಿಟಿಷ್ ಸೇನೆಯಲ್ಲಿ ಬೇರೆಯವರಿಗೆ ಆ ಪದ್ಧತಿಯಿಲ್ಲ. ಗಾಯಗೊಂಡು ನಿವೃತ್ತರಾದ ತನ್ನ ಸಿಪಾಯಿಗಳಿಗೆ ಈತ ಹೆಂಡದಂಗಡಿ ಹಾಕಿಕೊಡುತ್ತಿದ್ದನಂತೆ. ಇಂಗ್ಲೆಂಡಿನ ಎಷ್ಟೋ ಪಬ್ಬುಗಳ ಹಲಗೆಯ ಮೇಲೆ ಇವತ್ತಿಗೂ ಅವನ ಹೆಸರಿದೆ. ಸತ್ತಾಗ ಮೈತುಂಬ ಸಾಲ.

ಬೊಂಬೆ ಸಿಪಾಯಿಗಳು ಎಂದಿರಿ. 2003ರ ಮಾರ್ಚ್ 28ರಂದು ದಕ್ಷಿಣ ಇರಾಕಿನಲ್ಲಿ ಅಮೆರಿಕದ ವಿಮಾನಗಳು ಗುರುತು ತಪ್ಪಿ ಈ ದಂಡಿನ ವಾಹನಗಳ ಮೇಲೆಯೇ ಗುಂಡಿನ ಮಳೆಗರೆದವು. ಕ್ರಿಸ್ಟೋಫರ್ ಫಿನ್ನಿ ಎಂಬ ಹದಿನೆಂಟರ ಹುಡುಗ ಉರಿಯುವ ವಾಹನದಿಂದ ಪಾರಾಗಿ ಹೊರಬಂದಿದ್ದ. ವಾಹನದ ಮೇಲಿನ ಫಿರಂಗಿ ಗೋಪುರದಲ್ಲಿ ಗನ್ನರ್ ಸಿಕ್ಕಿಬಿದ್ದಿದ್ದಾನೆಂದು ತಿಳಿದು ಮತ್ತೆ ಏರಿದ, ಅವನನ್ನು ಎಳೆದು ತಂದ, ರೇಡಿಯೊದಲ್ಲಿ ವರದಿ ಕೊಟ್ಟ. ವಿಮಾನಗಳು ಮರಳಿ ಎರಗಿದಾಗ ತಾನೂ ಗಾಯಗೊಂಡ. ಆದರೂ ಇನ್ನೊಂದು ಉರಿಯುವ ವಾಹನದ ಚಾಲಕನಿಗಾಗಿ ಓಡಿದ. ಬೆಂಕಿ, ಹೊಗೆ, ಸಿಡಿಯುವ ಮದ್ದುಗುಂಡು ಅವನನ್ನು ಹಿಂದಕ್ಕೆ ತಳ್ಳಿದವು. ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕಗಳಲ್ಲೊಂದಾದ ಜಾರ್ಜ್ ಕ್ರಾಸ್ ಪಡೆದ ಈ ಹುಡುಗ ಬೊಂಬೆಯೇ?

ನನ್ನ ಸಂಕಟ ಬೇರೆಯೇ ಇದೆ. ಲೋಕದ ಇತಿಹಾಸವೆಂದರೆ ನಮ್ಮಲ್ಲಿ ದೊರೆಗಳ ಪಟ್ಟಿ, ಕದನಗಳ ಇಸವಿ, ಅಷ್ಟಕ್ಕೇ ಮುಗಿಯಿತು. ವಾಟರ್ಲೂ ಎಂದರೆ ಮಕ್ಕಳು ಎರಡು ಹೆಸರು ಒಪ್ಪಿಸುತ್ತಾರೆ. ಅಲ್ಲಿ ಫ್ರೆಂಚರ 105ನೆಯ ದಂಡಿನ ಹದ್ದಿನ ಲಾಂಛನವನ್ನು ಹೊತ್ತು ತಂದ ಕಾರ್ಪೊರಲ್ ಸ್ಟೈಲ್ಸನನ್ನು ಯಾವ ಮೇಷ್ಟರು ಹೇಳಿಕೊಡುತ್ತಾರೆ? ಅವನ ‘ರಾಯಲ್ ಡ್ರಗೂನ್ಸ್’ ದಂಡು 1969ರಲ್ಲಿ ‘ಬ್ಲೂಸ್’ ಎನಿಸಿದ್ದ ಈ ನೀಲಿ ಅಂಗಿಯ ದಂಡಿನ ಜೊತೆ ಸೇರಿತು. ಆ ಹದ್ದು ಇಂದಿಗೂ ಇವರ ತೋಳಿನ ಮೇಲಿದೆ. ಕನ್ನಡದಲ್ಲಿ ಇಂಥ ಪುಸ್ತಕಗಳಿಲ್ಲ, ಇದ್ದರೂ ಪರೀಕ್ಷೆಗೆ ಬೇಡವೆಂದು ಕೊಳ್ಳುವವರಿಲ್ಲ. ಇಂಗ್ಲಿಷರನ್ನು ಬಯ್ಯಲಿಕ್ಕಾದರೂ ಅವರ ದಂಡಿನೊಳಗೆ ಯಾರಿದ್ದರೆಂದು ನಮಗೆ ತಿಳಿದಿರಬೇಡವೇ?

ಎರಡನೆಯ ಕಂತನ್ನು ಕೈಬಿಡುವುದಿಲ್ಲ. 1982ರ ಜುಲೈ 20ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಉತ್ತರ ಐರ್ಲೆಂಡಿನಿಂದ ಬ್ರಿಟಿಷರು ತೊಲಗಬೇಕೆಂದು ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎ ಇಟ್ಟ ಮೊಳೆಬಾಂಬಿಗೆ ಈ ದಂಡಿನ ನಾಲ್ವರು ಸವಾರರೂ ಏಳು ಕುದುರೆಗಳೂ ಬಲಿಯಾದದ್ದು, ಮೈಮೇಲೆ 34 ಗಾಯಗಳಾಗಿಯೂ ಬದುಕಿ ಮತ್ತೆ ಕೆಲಸಕ್ಕೆ ಮರಳಿದ ಸೆಫ್ಟನ್ ಎಂಬ ಕುದುರೆಯ ಕಥೆ, ಎಲ್ಲವೂ ಅದರಲ್ಲಿದೆ. ಓದಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಇಷ್ಟೇ ಖಾರವಾಗಿದ್ದರೂ ಸರಿ.