ಚೊಗರಿನ ಬಣ್ಣ, ಮಕ್ಕಳಿರುವ ಮನೆ

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಅಡಿಕೆ ಬೆಳೆಗಾರರ ಕುಟುಂಬ. ಹೆಣಿಗೆಯ ನೂಲಿಗೆ ಮನೆಯಲ್ಲೇ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದ) ಬಣ್ಣ ಹಾಕಲು ಹೋದಾಗ ಹತ್ತಿಗೆ ಬಣ್ಣ ಹಿಡಿಯಲಿಲ್ಲ, ಉಣ್ಣೆ ಗಂಟುಗಟ್ಟಿತು. ಅಡುಗೆಮನೆಯಲ್ಲಿ ಬಣ್ಣ ಕುದಿಸುವುದು ಅತ್ತೆಯವರಿಗೆ ಒಪ್ಪಿಗೆಯಿಲ್ಲ. ಇಬ್ಬರು ಚಿಕ್ಕ ಮಕ್ಕಳಿರುವುದರಿಂದ ಬಿಡುವೂ ಕಡಿಮೆ. ಸಲಹೆ ನೀಡಿ.
— ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ನಿಮ್ಮ ಅತ್ತೆಯವರ ಮಾತು ಸರಿಯಾಗಿದೆ. ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಜರಡಿಗಳು ಮತ್ತೆ ಅಡುಗೆಗೆ ಬರಕೂಡದು. ಅಡಿಕೆ ಬೇಯಿಸುವ ಒಲೆ ಹೊರಗಿರುವಾಗ ಒಳಗಿನ ಒಲೆಯ ಹಂಗಾದರೂ ಏಕೆ? ಪಾತ್ರೆ ಸ್ಟೀಲಿನದಾಗಿರಲಿ, ಏಕೆಂದರೆ ಕಬ್ಬಿಣ ತಗುಲಿದರೆ ಚೊಗರಿನ ಕೆಂಗಂದು ಬಣ್ಣ ಕಪ್ಪಿಗೆ ತಿರುಗುತ್ತದೆ.

ಹತ್ತಿ ನೂಲಿನ ಮೇಲಿರುವ ಸಹಜ ಮೇಣ ಹೋಗುವವರೆಗೆ ಬಣ್ಣ ಒಳಗಿಳಿಯುವುದಿಲ್ಲ. ಆದ್ದರಿಂದ ಲಡಿಗಳನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಒಂದೆರಡು ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ, ಚೊಗರಿನಲ್ಲಿ ನೆನೆಸಿ, ಬಳಿಕ ಬಣ್ಣ ನೂಲಿಗೆ ಅಂಟಿ ನಿಲ್ಲುವಂತೆ ಪಟಿಕದ ನೀರಿನಲ್ಲಿ ಅದ್ದಿ ಮತ್ತೆ ಚೊಗರಿಗೆ ಹಾಕಬೇಕು. ಬೇರೆ ಬಣ್ಣಗಳಿಗಾದರೆ ಹತ್ತಿಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ನೆನೆಸುವುದುಂಟು; ಚೊಗರಿನಲ್ಲೇ ಬಣ್ಣ ಹಿಡಿಯಲು ನೆರವಾಗುವ ಒಗರಿನ ಅಂಶವಾದ ಟ್ಯಾನಿನ್ ಧಾರಾಳವಾಗಿರುವುದರಿಂದ ನಿಮಗೆ ಆ ಕೆಲಸ ಉಳಿಯಿತು.

ಉಣ್ಣೆಗೆ ಸೋಡಾ ಸಲ್ಲದು. ಅದು ಗಂಟುಗಟ್ಟುವುದು ಬಿಸಿಯಿಂದಷ್ಟೇ ಅಲ್ಲ, ಬಿಸಿ ಏಕಾಏಕಿ ಬದಲಾಗುವುದರಿಂದ ಮತ್ತು ಬಿಸಿನೀರಿನಲ್ಲಿ ಕೈಯಾಡಿಸುವುದರಿಂದ. 100 ಗ್ರಾಂ ಒಣ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕ ಕರಗಿಸಿ, ನೆನೆಸಿಟ್ಟ ಲಡಿಯನ್ನು ಉಗುರುಬೆಚ್ಚಗಿನ ನೀರಿಗೆ ಇಳಿಬಿಟ್ಟು, ಕುದಿ ಬರದಂತೆ ನಿಧಾನವಾಗಿ ಕಾಯಿಸಿ, ಅದೇ ನೀರಿನಲ್ಲಿ ತಣಿಯಲು ಬಿಡಿ. ಮುಂದೆ ಚೊಗರಿನಲ್ಲಿ ಕಾಯಿಸುವಾಗಲೂ ಇದೇ ಕ್ರಮ. ರಾತ್ರಿಯಿಡೀ ಹಾಗೆಯೇ ಇದ್ದರೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಮಕ್ಕಳನ್ನು ಮಲಗಿಸಬೇಕಾದ ತಾಯಂದಿರಿಗೆ ಇದಕ್ಕಿಂತ ಅನುಕೂಲವಾದ ವಿಧಾನ ಇನ್ನೊಂದಿಲ್ಲ.

ಬಿಡುವಿಲ್ಲವೆಂದು ಎಲ್ಲವನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ಪಟಿಕ ಹಿಡಿಸಿದ ನೂಲನ್ನು ಒಣಗಿಸಿಟ್ಟು, ವಾರಗಳ ನಂತರವೂ ನೆನೆಸಿ ಬಣ್ಣಕ್ಕೆ ಹಾಕಬಹುದು. ಮಕ್ಕಳು ಕೈಜೋಡಿಸಬೇಕೆಂದರೆ ಈರುಳ್ಳಿ ಸಿಪ್ಪೆ ಕೂಡಿಡಲಿ, ಚೆಂಡುಹೂವಿನ ಎಸಳು ಬಿಡಿಸಲಿ. ಎರಡೂ ಉಣ್ಣೆಗೆ ಒಳ್ಳೆಯ ಹಳದಿಯನ್ನೇ ಕೊಡುತ್ತವೆ.

ಪುಡಿಗಳು ಮಾತ್ರ ಅವರ ಕೈಗೆ ಸಿಗಬಾರದು. ಬಣ್ಣವನ್ನು ಕಪ್ಪಾಗಿಸಲು ಬಳಸುವ ಅನ್ನಭೇದಿ (ಕಬ್ಬಿಣದ ಲವಣ) ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಹೆಚ್ಚಾದರೆ ಉಣ್ಣೆಯೂ ಒರಟಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ತಂದಿಟ್ಟ ಮೈಲುತುತ್ತದಿಂದ (ತಾಮ್ರದ ಲವಣದಿಂದ) ಹಸಿರು ಛಾಯೆ ಬರುವುದು ನಿಜವಾದರೂ, ಅದು ತೋಟದ ಔಷಧಿಯ ಪೆಟ್ಟಿಗೆಯಲ್ಲೇ ಬೀಗದೊಳಗಿರಲಿ.