ಸಿಸಿಎನ್‌ಎಗೆ ಶಿವಮೊಗ್ಗದಲ್ಲೇ ಸೇರಲಾ, ಬೆಂಗಳೂರಿಗೆ ಹೋಗಲಾ?

ನೀವು ಕೇಳಿದ್ದು ಇಷ್ಟು: ಬಿಸಿಎ ಮುಗಿದಿದೆ, ಊರು ಹೊಸನಗರದ ಹತ್ತಿರ, ಮನೆಯಲ್ಲಿ ಅಡಿಕೆ ತೋಟ. ಸಿಸಿಎನ್‌ಎ, ಅಂದರೆ ಸಿಸ್ಕೋ ಕಂಪನಿ ಕೊಡುವ ನೆಟ್‌ವರ್ಕಿಂಗ್ ಸರ್ಟಿಫಿಕೇಟು, ಮಾಡಿಕೊಳ್ಳಬೇಕು ಅಂತಿದೆ. ಶಿವಮೊಗ್ಗದ ಸಂಸ್ಥೆ 28 ಸಾವಿರ ಹೇಳಿದೆ. ಬೆಂಗಳೂರಿನವರು ಪರೀಕ್ಷೆ ಶುಲ್ಕವೂ ಸೇರಿ 55 ಸಾವಿರ, ಪಾಸ್ ಗ್ಯಾರಂಟಿ, ಕೆಲಸ ಗ್ಯಾರಂಟಿ, ಇವತ್ತೇ ಕಟ್ಟಿದರೆ ಐದು ಸಾವಿರ ಕಡಿಮೆ ಅಂದಿದ್ದಾರೆ. ಯಾವುದಕ್ಕೆ ಸೇರಲಿ?

ಇವತ್ತು ಯಾರಿಗೂ ದುಡ್ಡು ಕಟ್ಟಬೇಡಿ. ರಿಯಾಯಿತಿ ಹೋದರೆ ಹೋಗಲಿ. ಮಂಡಿಯಲ್ಲಿ ಚೀಲದೊಳಗೆ ಕೈ ಹಾಕಿ, ಬುಡದಿಂದ ಒಂದು ಹಿಡಿ ತೆಗೆದು ನೋಡದೆ ಯಾರಾದರೂ ಅಡಿಕೆಗೆ ಬೆಲೆ ಕಟ್ಟುತ್ತಾರಾ? ಇಲ್ಲೂ ಹಾಗೇ ಕೇಳಿ. ಡೆಮೊ ಕ್ಲಾಸು ಸಾಲದು, ಅದು ಚೀಲದ ಬಾಯಲ್ಲಿ ಇಟ್ಟ ಅಡಿಕೆ. ಈಗ ನಡೀತಿರೋ ಬ್ಯಾಚಿನ ನಡುವಿನ ಯಾವುದಾದರೂ ಒಂದು ಪಾಠಕ್ಕೆ ಕೂರಿಸಿ, ಲ್ಯಾಬ್ ನಡೆಯುವ ಹೊತ್ತಿಗೆ ಒಳಗೆ ಬಿಡಿ ಅಂತ ಕೇಳಿ. ಒಪ್ಪದವರ ಹತ್ತಿರ ಮುಂದೆ ಮಾತೇ ಬೇಡ.

ನಾನು ಹಾಗೆ ಕೇಳಿರಲಿಲ್ಲ. 2017ರಲ್ಲಿ ಬೆಂಗಳೂರಿನ ಒಂದು ಸಂಸ್ಥೆಗೆ 32 ಸಾವಿರ ಒಂದೇ ಕಂತಿನಲ್ಲಿ ಕಟ್ಟಿದೆ, ಅಪ್ಪ ಬೆಟ್ಟೆ ಅಡಿಕೆ ಮಾರಿದ ದುಡ್ಡು. ರಿಸೆಪ್ಷನ್ ಪಕ್ಕ ಗಾಜಿನ ಬೀರುವಿನಲ್ಲಿ ನಾಲ್ಕು ರೂಟರು, ಮೂರು ಸ್ವಿಚ್ಚು (ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳು) ಸಾಲಾಗಿ ಇಟ್ಟಿದ್ದರು. ಅದನ್ನು ನೋಡಿಯೇ ನಂಬಿದ್ದು. ಎರಡನೇ ವಾರ ಬೀರುವಿನ ಹಿಂದೆ ಬಗ್ಗಿ ನೋಡಿದರೆ ಒಂದಕ್ಕೂ ಪವರ್ ಕೇಬಲ್ ಇಲ್ಲ, ಪೋರ್ಟುಗಳೊಳಗೆ ಧೂಳು ಗಟ್ಟಿಯಾಗಿ ಕೂತಿತ್ತು. ನಾಲ್ಕನೇ ವಾರ ಪಾಠ ಮಾಡುತ್ತಿದ್ದವರು ಕೆಲಸ ಬಿಟ್ಟು ಹೋದರು. ಆಮೇಲೆ ನಮ್ಮ ಕೈಗೆ ಬಂದಿದ್ದು ಪ್ರಶ್ನೋತ್ತರದ ಒಂದು ಪಿಡಿಎಫ್. ಇದನ್ನೇ ಬಾಯಿಪಾಠ ಮಾಡಿ, ಇದೇ ಬರುತ್ತೆ ಅಂದರು. ಇದಕ್ಕೆ ಡಂಪ್ಸ್ ಅಂತಾರೆ, ಇದನ್ನು ಬಳಸುವುದು ಸಿಸ್ಕೋ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಫಲಿತಾಂಶವೇ ರದ್ದಾಗಬಹುದು ಅನ್ನೋದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದೆ. ದುಡ್ಡು ವಾಪಸ್ ಕೇಳಿದಾಗ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲು ತೋರಿಸಿದರು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಮಾರನೇ ವರ್ಷ ಶಿವಮೊಗ್ಗದಲ್ಲೇ, ದುರ್ಗಿಗುಡಿಯಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಕಲಿತೆ. ಎಂಟು ಜನ. ಎರಡು ಹಳೇ ಸ್ವಿಚ್ಚು, ಒಂದು ರೂಟರು, ಆದರೆ ಮೂರೂ ದೀಪ ಮಿಣುಕಿಸುತ್ತಾ ಗುಂಯ್ ಅನ್ನುತ್ತಾ ಓಡುತ್ತಿದ್ದವು. ಒಂದು ದಿನ ಮೇಷ್ಟ್ರು ನಮ್ಮನ್ನು ಟೀ ಕುಡಿದು ಬನ್ನಿ ಅಂತ ಕಳಿಸಿ, ಅಷ್ಟರಲ್ಲಿ ಏನೋ ಕೆಡಿಸಿಟ್ಟಿದ್ದರು. ವಾಪಸ್ ಬಂದಾಗ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡುವ ಸಣ್ಣ ಸಂದೇಶ) ಆಗುತ್ತಿಲ್ಲ. ಎರಡೂ ಒಂದೇ ಸ್ವಿಚ್ಚಿನಲ್ಲಿವೆ, ಕೇಬಲ್ ಸರಿ ಇದೆ, ದೀಪ ಉರೀತಿದೆ. ಮುಕ್ಕಾಲು ಗಂಟೆ ಒದ್ದಾಡಿದೆವು. ಅವರು ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮಲ್ಲೊಬ್ಬಳು ಕಂಡುಹಿಡಿದಳು. ಮೊದಲನೆಯದರ ವಿಳಾಸ 192.168.10.20, ಮಾಸ್ಕ್ (ಯಾವ ವಿಳಾಸಗಳು ತನ್ನದೇ ಗುಂಪಿನವು ಅಂತ ಹೇಳುವ ಸಂಖ್ಯೆ) 255.255.255.0. ಎರಡನೆಯದರ ವಿಳಾಸ 192.168.10.140, ಆದರೆ ಮಾಸ್ಕ್ 255.255.255.128, ಗೇಟ್‌ವೇ (ಬೇರೆ ಗುಂಪಿಗೆ ಹೋಗುವ ಬಾಗಿಲಿನ ವಿಳಾಸ) ಖಾಲಿ. ಮೊದಲನೆಯದಕ್ಕೆ ಎರಡನೆಯದು ಪಕ್ಕದ ಮನೆ. ಎರಡನೆಯದಕ್ಕೆ ಮೊದಲನೆಯದು ಬೇರೆ ಊರು, ಆ ಊರಿಗೆ ದಾರಿಯೇ ಗೊತ್ತಿಲ್ಲ. ಹೋದ ಪ್ಯಾಕೆಟ್ ತಲುಪುತ್ತೆ, ಉತ್ತರ ವಾಪಸ್ ಬರಲ್ಲ. ಹೀಗೆ ವಿಳಾಸಗಳನ್ನು ಗುಂಪು ಮಾಡುವ ಸಬ್‌ನೆಟ್ಟಿಂಗ್ ಬಗ್ಗೆ ಬೆಂಗಳೂರಿನಲ್ಲಿ ಒಂದು ವಾರ ಕೇಳಿದ್ದೆ. ಅರ್ಥವಾಗಿದ್ದು ಆ ಸಂಜೆ. ಈಗ ನಾನು ನೋಡಿಕೊಳ್ಳುವ ಆಫೀಸುಗಳಿಂದ ಫೋನ್ ಬಂದಾಗ ಇವತ್ತಿಗೂ ಮೊದಲು ನೋಡುವುದು ಮಾಸ್ಕು, ಗೇಟ್‌ವೇ.

ನೀವು ಹುಡುಕಬೇಕಾದದ್ದು ಅಂಥ ಮೇಷ್ಟ್ರನ್ನು. ಬೋರ್ಡು, ಏಸಿ ಕೋಣೆ ಆಮೇಲೆ. ಪಾಠ ಮಾಡುವವರ ಹೆಸರು ಕೇಳಿ, ಅವರದೇ ಸರ್ಟಿಫಿಕೇಟಿನ ಕ್ರೆಡ್ಲಿ ಬ್ಯಾಡ್ಜ್ (ಸರ್ಟಿಫಿಕೇಟು ನಿಜವೇ ಅಂತ ಆನ್‌ಲೈನ್‌ನಲ್ಲಿ ನೋಡಬಹುದಾದ ಗುರುತು) ಲಿಂಕ್ ಕೇಳಿ, ಚಾಲ್ತಿಯಲ್ಲಿದೆಯಾ ನೋಡಿ. ಸಿಸಿಎನ್‌ಎ ಅವಧಿ ಮೂರೇ ವರ್ಷ, ನವೀಕರಿಸದಿದ್ದರೆ ಹೋಗುತ್ತೆ. ಬ್ಯಾಚ್ ಮುಗಿಯೋವರೆಗೂ ಇವರೇ ಇರ್ತಾರಾ ಅಂತ ಬಾಯಿಬಿಟ್ಟು ಕೇಳಿ. ಕೇಳೋಕೆ ಸಂಕೋಚ ಪಡಬೇಡಿ.

ಆಮೇಲೆ ಪಾಠಪಟ್ಟಿ. ಈಗಿನ ಪರೀಕ್ಷೆಯ ಸಂಖ್ಯೆ 200-301, 2020ರ ಫೆಬ್ರುವರಿಯಿಂದ ಇದೆ, 120 ನಿಮಿಷ. ಯಾವ ವಿಷಯಕ್ಕೆ ಎಷ್ಟು ಪಾಲು ಅಂತ ಸಿಸ್ಕೋ ಜಾಲತಾಣದಲ್ಲೇ ಇದೆ: ಐಪಿ ಕನೆಕ್ಟಿವಿಟಿ ಶೇ 25, ನೆಟ್‌ವರ್ಕ್ ಮೂಲಪಾಠ ಶೇ 20, ನೆಟ್‌ವರ್ಕ್ ಆಕ್ಸೆಸ್ ಶೇ 20, ಸೆಕ್ಯುರಿಟಿ ಶೇ 15, ಐಪಿ ಸರ್ವೀಸಸ್ ಶೇ 10, ಆಟೊಮೇಷನ್ ಶೇ 10. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಪಟ್ಟಿಯ ಪಕ್ಕ ಇಟ್ಟು ನೋಡಿ. ರೂಟರುಗಳು ದಾರಿ ಕಂಡುಕೊಳ್ಳುವ ರಿಪ್, ಇಐಜಿಆರ್‌ಪಿ ಅನ್ನೋ ವಿಧಾನಗಳಿಗೇ ವಾರಗಟ್ಟಲೆ ಇಟ್ಟಿದ್ದರೆ ಅದು 2020ಕ್ಕಿಂತ ಹಿಂದಿನ ಪಟ್ಟಿ. ಆಟೊಮೇಷನ್ ಪಾಠದಲ್ಲಿ ಇನ್ನೂ ಪಪೆಟ್, ಶೆಫ್ ಅನ್ನೋ ಸಾಫ್ಟ್‌ವೇರ್‌ಗಳು ಇದ್ದರೆ 2024ರ ಆಗಸ್ಟ್‌ನಲ್ಲಿ ಆದ ಬದಲಾವಣೆಯನ್ನು ಅವರು ನೋಡಿಯೇ ಇಲ್ಲ. ಆಗಿನಿಂದ ಅಲ್ಲಿರುವುದು ಆನ್ಸಿಬಲ್, ಟೆರಾಫಾರ್ಮ್.

ದುಡ್ಡಿನ ಲೆಕ್ಕ ಬೇರೆ ಬೇರೆ ಮಾಡಿ. ಪರೀಕ್ಷೆಗೆ 300 ಡಾಲರ್, ಮೇಲೆ ತೆರಿಗೆ. ರೂಪಾಯಿಯಲ್ಲಿ 25 ಸಾವಿರ ದಾಟುತ್ತೆ. ಇದನ್ನು ನೀವೇ, ಸಿಸ್ಕೋ ಪರವಾಗಿ ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಕಟ್ಟಬಹುದು. ಯಾವ ಸಂಸ್ಥೆಯ ಪತ್ರವೂ ಬೇಡ, ತರಬೇತಿ ಪಡೆದೇ ಬರೆಯಬೇಕು ಅನ್ನೋ ನಿಯಮವೂ ಇಲ್ಲ. ಬೆಂಗಳೂರಿನವರು ಶುಲ್ಕ ಸೇರಿದೆ ಅಂದರೆ ವೋಚರ್ (ಶುಲ್ಕದ ಬದಲು ಬಳಸುವ ಕೋಡು) ಯಾವಾಗ ಕೈಗೆ ಕೊಡ್ತೀರಿ, ಅದರ ಅವಧಿ ಯಾವತ್ತಿನವರೆಗೆ ಅಂತ ಬರೆಸಿಕೊಳ್ಳಿ. ಜೊತೆಗೆ ಮೂರು ತಿಂಗಳ ಪಿಜಿ ಬಾಡಿಗೆ, ಊಟ ಕೂಡಿಸಿ ನೋಡಿ. ಅವರು ಹೇಳಿದ ಮೊತ್ತಕ್ಕೆ ಶೇ 18 ಜಿಎಸ್‌ಟಿ ಸೇರಿದೆಯಾ ಅನ್ನೋದನ್ನೂ ಕೇಳಿ.

ಪಾಸ್ ಗ್ಯಾರಂಟಿ ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಪರೀಕ್ಷೆ ನಡೆಸುವುದು ಅವರಲ್ಲ. ಹಾಗಿದ್ದ ಮೇಲೆ ಗ್ಯಾರಂಟಿ ಕೊಡುವುದು ಹೇಗೆ? ಒಂದೋ ಡಂಪ್ಸ್, ಇಲ್ಲವೇ ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆಯುವ ಏರ್ಪಾಡು. ಎರಡಕ್ಕೂ ಸಿಕ್ಕಿಬಿದ್ದರೆ ಕೆಡುವುದು ನಿಮ್ಮ ಹೆಸರು, ಸಂಸ್ಥೆಯದ್ದಲ್ಲ. ಫೇಲಾದರೆ ಐದು ದಿನ ಕಾದು ಮತ್ತೆ ಬರೆಯಬಹುದು, ಆದರೆ ಮತ್ತೆ ಪೂರ್ತಿ ಶುಲ್ಕ. ಅದನ್ನು ಯಾರು ಕಟ್ಟುತ್ತಾರೆ ಅಂತ ಆ ಗ್ಯಾರಂಟಿಯವರನ್ನು ಕೇಳಿ ನೋಡಿ. ಕೋರ್ಸ್ ಮುಗಿದ ಮೇಲೆ ಸಂಸ್ಥೆ ತಾನೇ ಅಚ್ಚು ಹಾಕಿಸಿ ಕೊಡುವ ಕಾಗದ ಸಿಸಿಎನ್‌ಎ ಅಲ್ಲ, ಅದನ್ನೂ ನೆನಪಿಡಿ.

ನಾನಾಗಿದ್ದರೆ ಶಿವಮೊಗ್ಗದ್ದನ್ನೇ ಮೊದಲು ನೋಡುತ್ತಿದ್ದೆ, ಲ್ಯಾಬ್ ನಿಜಕ್ಕೂ ಓಡುತ್ತಿದ್ದರೆ ಮಾತ್ರ. ಕಂತಿನಲ್ಲಿ ಕಟ್ಟಿ, ಮೇಷ್ಟ್ರು ಬದಲಾದರೆ ಉಳಿದ ಕಂತು ಇಲ್ಲ ಅಂತ ಬರೆಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನನಗೆ ಆಗ ಯಾರೂ ಹೇಳಿರಲಿಲ್ಲ.

ಇದೆಲ್ಲಕ್ಕಿಂತ ಮೊದಲು ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಇಳಿಸಿಕೊಳ್ಳಿ, ರೂಟರು, ಸ್ವಿಚ್ಚುಗಳನ್ನು ಕಂಪ್ಯೂಟರಿನಲ್ಲೇ ಜೋಡಿಸಿ ಅಭ್ಯಾಸ ಮಾಡುವ ಸಾಫ್ಟ್‌ವೇರ್ ಅದು. ಸಿಸ್ಕೋದ ನೆಟ್‌ವರ್ಕಿಂಗ್ ಅಕಾಡೆಮಿ ಖಾತೆ ಮಾಡಿಕೊಂಡರೆ ಪುಕ್ಕಟೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತೆ, ಒಮ್ಮೆ ಹಾಕಿಕೊಂಡರೆ ಪಾಠಕ್ಕೆ ನೆಟ್ ಹೋಗಿ ಬಂದರೂ ತೊಂದರೆ ಇಲ್ಲ. ಒಂದು ತಿಂಗಳು ದಿನಕ್ಕೆ ಒಂದು ಗಂಟೆ ಕೂತು ಮೇಲೆ ಹೇಳಿದ ಮಾಸ್ಕಿನ ತಪ್ಪನ್ನು ನೀವೇ ಮಾಡಿ, ನೀವೇ ಸರಿಪಡಿಸಿ. ಆಮೇಲೆ ಮೇಷ್ಟ್ರ ಎದುರು ಕೂತರೆ ಅವರಿಗೆ ಎಷ್ಟು ಗೊತ್ತು ಅನ್ನೋದು ನಿಮಗೇ ತಿಳಿಯುತ್ತೆ.

ಒಂದು ಮಾತು, ಪರೀಕ್ಷೆಯನ್ನು ಮನೆಯಿಂದ ಬರೆಯಬೇಡಿ. ಅವಕಾಶ ಇದೆ, ಆದರೆ ಆಷಾಢದ ಗಾಳಿಮಳೆಗೆ ನಿಮ್ಮ ಕಡೆ ಕರೆಂಟು ಹೇಗೆ ಹೋಗುತ್ತೆ ಅಂತ ನಿಮಗೇ ಗೊತ್ತು. ಎರಡನೇ ಸಲ ನಾನು ತಾಳಗುಪ್ಪ–ಮೈಸೂರು ರೈಲಿಗೆ ರಾತ್ರಿ ಶಿವಮೊಗ್ಗದಲ್ಲಿ ಹತ್ತಿ, ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದು, ಕೇಂದ್ರಕ್ಕೇ ಹೋಗಿ ಬರೆದೆ. ಪಾಸಾದೆ.